ಹಳೇ ಸೀರೆ ಹೊತ್ತು ಸಾಗರಕ್ಕೆ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದರೆ, ಒಲೆಯ ಮೇಲೆ ಹಾಲಿಟ್ಟುಕೊಂಡು ಇದನ್ನು ಓದಬೇಡಿ. ಹಾಲು ಉಕ್ಕಿದರೆ ಬೈಗುಳ ನನಗೆ ಬರುತ್ತದೆ. ಮಧ್ಯಾಹ್ನ ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿ, ಐದು ನಿಮಿಷ ಗೋಡೆಗೊರಗಿ ಕಾಲು ಚಾಚುತ್ತೀರಲ್ಲ, ಆಗ ಓದಿ.

ಇದೆಲ್ಲ ಶುರುವಾದದ್ದು ಸಾಗರದಿಂದ ಬಂದ ನನ್ನ ನಾದಿನಿಯ ಫೋನಿನಿಂದ.

“ಅತ್ತಿಗೆ, ಇಲ್ಲಿ ಕಾಲೇಜಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ದಿನದ ನಾಟಕದ ಶಿಬಿರ ಇಟ್ಟಿದಾರೆ. ನಮ್ಮ ಹುಡುಗ ಹೋಗ್ತಾನೆ. ಬೇರೆ ಊರಿನ ಮಕ್ಕಳೂ ಸೇರಬಹುದಂತೆ. ದಸರಾ ರಜೆ ಹೇಗೂ ಇದ್ಯಲ್ಲ, ಪುಟ್ಟೀನ ಕರ್ಕೊಂಡು ಬನ್ನಿ.”

ನಮ್ಮವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಐವತ್ತಕ್ಕೆ ಇಪ್ಪತ್ತೊಂದು. ನಾಟಕ ಒಂದು ಬಾಕಿ ಇತ್ತು ನೋಡು” ಅಂದರು. ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆದರೆ ನನ್ನ ಚಿಂತೆ ಗಣಿತದ್ದಾಗಿರಲಿಲ್ಲ. ಒಂದು ವರ್ಷದಿಂದ ಪುಟ್ಟಿ ಮನೆಯಲ್ಲಿ ಮಾತೇ ಕಮ್ಮಿ ಮಾಡಿಬಿಟ್ಟಿದ್ದಳು. ಏನು ಕೇಳಿದರೂ “ಏನಿಲ್ಲಮ್ಮ”. ಊಟ ಹೇಗಿತ್ತು? ಏನಿಲ್ಲಮ್ಮ. ಶಾಲೆಯಲ್ಲಿ ಏನಾಯ್ತು? ಏನಿಲ್ಲಮ್ಮ. ಈ ವಯಸ್ಸಿನ ಮಕ್ಕಳ ತಾಯಂದಿರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ಕಾರಣವಿತ್ತು. ಅದನ್ನು ಇವರಿಗೂ ಹೇಳಿರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ನಮ್ಮ ಮೇಷ್ಟ್ರು ನನ್ನನ್ನು ರಾಣಿ ಪಾತ್ರಕ್ಕೆ ಆರಿಸಿದ್ದರು. ಹನ್ನೊಂದು ದಿನ ತಾಲೀಮು ಮಾಡಿದೆ. ಹನ್ನೆರಡನೇ ದಿನ ಸುದ್ದಿ ಅಜ್ಜನ ಕಿವಿಗೆ ಬಿತ್ತು. “ಹಲಗೆ ಹತ್ತಿ ಕುಣಿಯೋ ಹುಡುಗೀಗೆ ಗಂಡು ಯಾರು ಕೊಡ್ತಾರೆ?” ಅಲ್ಲಿಗೆ ಮುಗಿಯಿತು. ನನ್ನ ಕಿರೀಟ ಇನ್ನೊಬ್ಬಳ ತಲೆಗೆ ಹೋಯಿತು. ನಾನು ಮುಂದಿನ ಸಾಲಿನಲ್ಲಿ ಕೂತು ಅವಳ ಮಾತುಗಳಿಗೆಲ್ಲ ತುಟಿ ಅಲ್ಲಾಡಿಸಿದೆ. ಆ ಮಾತುಗಳು ಇವತ್ತಿಗೂ ಬಾಯಿಪಾಠ. ರೊಟ್ಟಿ ತಟ್ಟುವಾಗ ಒಮ್ಮೊಮ್ಮೆ ತಾವಾಗಿಯೇ ಬರುತ್ತವೆ.

ಅಂತೂ ಇವರನ್ನು ಒಪ್ಪಿಸಿದೆ. ಶಿಬಿರದವರು ಕಳಿಸಿದ ಪಟ್ಟಿಯಲ್ಲಿ ನಾಲ್ಕೇ ಸಾಮಾನು: ಸಡಿಲವಾದ ಬಟ್ಟೆ, ನೀರಿನ ಬಾಟಲಿ, ಒಂದು ನೋಟುಬುಕ್ಕು, ಮನೆಯಿಂದ ಒಂದು ಹಳೇ ಸೀರೆ. ಹಳೇದು ಅಂದರೂ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದಲ್ಲವೇ? ಬೀರುವಿನಿಂದ ಒಂದು ಪಾಲಿಯೆಸ್ಟರ್ ಸೀರೆ ತೆಗೆದಿಟ್ಟೆ. ಪುಟ್ಟಿ ಅದನ್ನು ಬಿಟ್ಟು, ನಾನು ದಿನಾ ಅಡಿಗೆಮನೆಯಲ್ಲಿ ಉಡುವ ಹಸಿರು ನೂಲಿನ ಸೀರೆಯನ್ನೇ ಚೀಲಕ್ಕೆ ತುರುಕಿಕೊಂಡಳು. ಸೆರಗಿನಲ್ಲಿ ಅರಿಶಿನದ ಕಲೆ ಬೇರೆ! “ಅಯ್ಯೋ ಅದು ಬೇಡ್ವೇ” ಅಂದೆ. “ಇರ್ಲಿ ಬಿಡಮ್ಮ” ಅಂದಳು.

ನಮ್ಮದು ತರೀಕೆರೆ. ಮೈಸೂರಿನ ಕಡೆಯಿಂದ ಬರುವ ತಾಳಗುಪ್ಪ ರೈಲು ಹತ್ತಿದರೆ ಭದ್ರಾವತಿ, ಶಿವಮೊಗ್ಗ ದಾಟಿ ನೇರ ಸಾಗರ. ಪುಟ್ಟಿಗೆ ಎಂದಿನಂತೆ ಕಿಟಕಿ ಪಕ್ಕದ ಜಾಗ. ನನ್ನ ಮಡಿಲಲ್ಲಿ ಪುಳಿಯೋಗರೆ ಡಬ್ಬಿ. ಶಿವಮೊಗ್ಗ ದಾಟಿದ ಮೇಲೆ ನೋಡಬೇಕು ಆ ದಾರಿಯನ್ನು! ಮಳೆ ಆಗಷ್ಟೇ ಹಿಂದೆ ಸರಿದಿತ್ತು. ಎರಡೂ ಕಡೆ ಕಾಡು, ನಡುನಡುವೆ ಗದ್ದೆ, ಅಡಿಕೆ ತೋಟ. ಮೊದಲು ಈ ದಾರಿಯಲ್ಲಿ ಮೀಟರ್‌ಗೇಜಿನ ಪುಟ್ಟ ಗಾಡಿ ಓಡುತ್ತಿತ್ತು. ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂದದ್ದು 2011ರಲ್ಲಿ.

ಕುಂಸಿ ಕಳೆದ ಮೇಲೆ ಅರಸಾಳು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ನನ್ನ ವಯಸ್ಸಿನವರಿಗೆ ಅದು ಚೆನ್ನಾಗಿ ಗೊತ್ತು, ಹೆಸರು ಮಾತ್ರ ಬೇರೆ. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಮಾಲ್ಗುಡಿ ಸ್ಟೇಷನ್ ಆಗಿದ್ದು ಇದೇ ಅರಸಾಳು. ಆ ಹಳೇ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. “ನೋಡೇ, ಇದೇ ಮಾಲ್ಗುಡಿ” ಅಂದೆ. ಪುಟ್ಟಿ ಕಿಟಕಿಗೆ ಮೂಗು ಒತ್ತಿ, “ಅಂದ್ರೆ ಒಂದು ಊರು ಇನ್ನೊಂದು ಊರಿನ ಪಾತ್ರ ಮಾಡಿದೆ ಅಂತಾಯ್ತು” ಅಂದಳು. ಬಹಳ ದಿನದ ಮೇಲೆ ಅವಳ ಬಾಯಿಂದ ಬಂದ ಉದ್ದನೆಯ ವಾಕ್ಯ ಅದು!

ಸಾಗರದಲ್ಲಿ ನಾದಿನಿ ರಾತ್ರಿಯೂಟಕ್ಕೆ ಒಂದೆಲಗದ ತಂಬುಳಿ ಮಾಡಿದ್ದಳು. ನಿಮಗೂ ಹೇಳಿಬಿಡುತ್ತೇನೆ. ಒಂದು ಹಿಡಿ ಒಂದೆಲಗದ ಸೊಪ್ಪನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಮೇಲೊಂದು ಸಾಸಿವೆ ಒಗ್ಗರಣೆ. ಇದನ್ನು ಕುದಿಸಬಾರದು. “ಮಕ್ಕಳ ಜ್ಞಾಪಕಶಕ್ತಿಗೆ ಒಳ್ಳೇದು ಅಂತಾರೆ ಅತ್ತಿಗೆ” ಅಂದಳು. ಗಣಿತ ನೆನಪಾಗಿ ಪುಟ್ಟಿಗೆ ಇನ್ನೊಂದು ಸೌಟು ಬಡಿಸಿದೆ.

ಮರುದಿನ ಶನಿವಾರ. ಒಂಬತ್ತೂವರೆಗೆ ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಕುರ್ಚಿಗಳನ್ನೆಲ್ಲ ಗೋಡೆಗೆ ಜೋಡಿಸಿ ನಡುವೆ ಖಾಲಿ ನೆಲ ಬಿಟ್ಟಿದ್ದರು. ನಲವತ್ತರ ಹತ್ತಿರ ಮಕ್ಕಳು. ನಾನೋ, ಬಣ್ಣದ ಪೆಟ್ಟಿಗೆ, ಗಡ್ಡ ಮೀಸೆ, ಕಿರೀಟ ಎಲ್ಲ ಇರುತ್ತೆ ಅಂದುಕೊಂಡಿದ್ದೆ. ಒಂದೂ ಇಲ್ಲ. ಶಿಬಿರ ನಡೆಸುವಾಕೆ ಹೆಗ್ಗೋಡಿನಲ್ಲಿ ನಾಟಕ ಕಲಿತು ಬಂದ ತರುಣಿ. ಜೊತೆಗೆ ಕಾಲೇಜಿನ ನಾಟಕ ತಂಡದ ಏಳೆಂಟು ಹುಡುಗ ಹುಡುಗಿಯರು. ಮಕ್ಕಳೆಲ್ಲ ಆಕೆಯನ್ನು ‘ಅಕ್ಕ’ ಅಂತಲೇ ಕರೆದರು.

ಮೊದಲ ಅರ್ಧ ಗಂಟೆ ತಾಯ್ತಂದೆಯರಿಗೂ ನೋಡಲು ಬಿಟ್ಟರು. ಎಲ್ಲರೂ ದುಂಡಗೆ ನಿಂತು ತಮ್ಮ ಹೆಸರಿನ ಜೊತೆ ಒಂದು ಕೈಸನ್ನೆ ಮಾಡಬೇಕು, ಉಳಿದವರು ಅದನ್ನೇ ತಿರುಗಿ ಮಾಡಬೇಕು. ಆಮೇಲೆ ಕನ್ನಡಿ ಆಟ. ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯ ಬಿಂಬದ ಹಾಗೆ ಮಾಡುವುದು. ಸುಲಭ ಅಂದುಕೊಳ್ಳಬೇಡಿ. ಎದುರಿನವರನ್ನು ರೆಪ್ಪೆ ಮಿಟುಕಿಸದೆ ನೋಡಬೇಕು. ನಾವು ಮನೆಯವರನ್ನು ಅಷ್ಟು ಗಮನ ಇಟ್ಟು ನೋಡಿ ಎಷ್ಟು ಕಾಲವಾಯಿತೋ!

ಮುಂದೆ ಧ್ವನಿಯ ಪಾಠ. “ಗಂಟಲಿಂದ ಕಿರುಚಬೇಡಿ. ಹೊಟ್ಟೆ ಮೇಲೆ ಕೈ ಇಟ್ಕೊಂಡು ಉಸಿರು ತುಂಬ್ಕೊಳ್ಳಿ. ಆ ಉಸಿರಿನ ಮೇಲೆ ಮಾತು ಕಳಿಸಿ. ಕೊನೇ ಸಾಲಲ್ಲಿ ಕೂತಿರೋ ಅಜ್ಜೀಗೂ ಕೇಳಿಸಬೇಕು” ಅಂದರು ಅಕ್ಕ. ನಾಲಿಗೆ ಹೊರಳಿಸಲು ಆರಿಸಿಕೊಂಡದ್ದು ಯಾವುದು ಗೊತ್ತೇ? ನಮ್ಮ ತರೀಕೆರೆ ಏರಿ ಮೇಲಿನ ಕರೀ ಕುರಿಮರಿಗಳ ಮಾತು! “ಇಲ್ಲಿ ತರೀಕೆರೆಯವರು ಯಾರಾದ್ರೂ ಇದೀರಾ?” ಅಂತ ಅಕ್ಕ ಕೇಳಿದಾಗ ಪುಟ್ಟಿ ನೆಲ ನೋಡುತ್ತಾ ಕೈ ಎತ್ತಿದಳು. “ಹಾಗಾದ್ರೆ ನೀನೇ ಹೇಳಿಕೊಡಬೇಕು” ಅಂದರು. ಮೊದಲ ಸಲ ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಬಾಗಿಲಲ್ಲಿದ್ದ ನನ್ನವರೆಗೂ ಬಂತು.

ಆಮೇಲೆ ನಮ್ಮನ್ನೆಲ್ಲ ನಯವಾಗಿ ಹೊರಗೆ ಕಳಿಸಿದರು. “ಅಮ್ಮಂದಿರು ಇದ್ರೆ ಮಕ್ಕಳು ಅಮ್ಮನ ಮುಖ ನೋಡ್ಕೊಂಡೇ ಆಡ್ತಾರೆ. ನಾಲ್ಕು ಗಂಟೆಗೆ ಬನ್ನಿ, ಮಾಡಿದ್ದನ್ನ ತೋರಿಸ್ತೀವಿ” ಅಂದರು.

ನಾಲ್ಕು ಗಂಟೆಯವರೆಗೆ ಏನು ಮಾಡೋದು? ನಾದಿನಿಯೂ ನಾನೂ ಹೆಗ್ಗೋಡಿನ ಬಸ್ಸು ಹತ್ತಿದೆವು. ಸಾಗರದಿಂದ ದೂರವೇನಿಲ್ಲ. ಮರಗಳ ನಡುವೆ ಹೆಂಚಿನ ಮನೆಗಳು, ತಗ್ಗಿನಲ್ಲಿ ಅಡಿಕೆ ತೋಟ. ಇಂಥ ಹಳ್ಳಿಯಲ್ಲಿ 1949ರಲ್ಲಿ ಊರಿನವರೇ ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಮೈಸೂರಿನಲ್ಲಿ ಓದಿ ಊರಿಗೇ ಮರಳಿದ ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1980ರಲ್ಲಿ ನಾಟಕ ಕಲಿಸುವ ಶಾಲೆ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ಶುರುವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ರಂಗಮಂದಿರದ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಇಷ್ಟೇ: ಅಡಿಕೆ ಸುಲಿಯುವ ಊರಿನವರು ನಾಟಕ ನಮಗೂ ಬೇಕು ಅಂದುಕೊಂಡರಲ್ಲ, ನಮ್ಮ ಅಜ್ಜನಿಗೆ ಯಾಕೆ ಹಾಗನ್ನಿಸಲಿಲ್ಲ?

ಅಜ್ಜನೊಬ್ಬನನ್ನೇ ದೂರಿ ಏನು ಬಂತು ಹೇಳಿ. ಕಂಪನಿ ನಾಟಕಗಳ ಮೊದಲ ಕಾಲದಲ್ಲಿ ಸೀತೆ, ದ್ರೌಪದಿಯರೂ ಗಂಡಸರೇ ಆಗಿದ್ದರು. ಆದರೆ ಅದಕ್ಕೆ ಉತ್ತರ ಕೊಟ್ಟ ಹೆಂಗಸರೂ ನಮ್ಮಲ್ಲಿ ಇದ್ದರು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಅದರಲ್ಲಿ ಗಂಡು ಪಾತ್ರಗಳೂ ಹೆಂಗಸರವೇ. ಸ್ವತಃ ನಾಗರತ್ನಮ್ಮ ಕಂಸನಾಗಿ ಹೆಸರಾದವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಮಕ್ಕಳ ನಾಟಕಗಳನ್ನು ಮಾಡಿಸಿದರು. ನಮ್ಮ ನಿಮ್ಮ ಅಡಿಗೆಮನೆಯ ಕತೆಗಳನ್ನು ಬರೆದ ವೈದೇಹಿಯವರೇ ‘ಧಾಂ ಧೂಂ ಸುಂಟರಗಾಳಿ’ಯಂಥ ಮಕ್ಕಳ ನಾಟಕಗಳನ್ನೂ ಬರೆದಿದ್ದಾರೆ. ನಿಮ್ಮೂರಿನ ಲೈಬ್ರರಿಯಲ್ಲಿ ಸಿಕ್ಕರೆ ಮಕ್ಕಳಿಗೆ ತಂದುಕೊಡಿ.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಹೆಂಗಸರ ಸಹಕಾರ ಸಂಘವಿದೆ. ನಾಟಕದವರೇ ಆದ ಪ್ರಸನ್ನ ಅವರ ಮುಂದಾಳುತನದಲ್ಲಿ 1990ರ ದಶಕದಲ್ಲಿ ಶುರುವಾದದ್ದು. ಕೈಮಗ್ಗದ ಬಟ್ಟೆ, ಅದಕ್ಕೆ ಗಿಡಮೂಲದ ಬಣ್ಣ. ಅಡಿಕೆ ಬೇಯಿಸಿದ ಚೊಗರು ನಮ್ಮ ಬಟ್ಟೆಗೆ ತಾಗಿದರೆ “ಹೋಯ್ತು ಸೀರೆ” ಅಂತ ಗೋಳಾಡುತ್ತೇವಲ್ಲ, ಅದೇ ಚೊಗರಿನಿಂದ ಇಲ್ಲಿ ಕೆಂಗಂದು ಬಣ್ಣ ಹಾಕುತ್ತಾರೆ. ಒಂದು ಕುಪ್ಪಸದ ಬಟ್ಟೆ ಕೊಂಡೆ. ನನ್ನ ಅರಿಶಿನದ ಕಲೆಯ ಸೀರೆ ನೆನಪಾಯಿತು. ಅದೀಗ ಆ ಸಭಾಂಗಣದಲ್ಲಿ ಏನಾಗುತ್ತಿದೆಯೋ ಅಂದುಕೊಂಡೆ.

ನಾಲ್ಕಕ್ಕೆ ಸರಿಯಾಗಿ ಬಂದು ಕೂತೆವು. ಮೊದಲು ಸೀರೆಗಳ ಆಟ. ಮನೆಮನೆಯಿಂದ ಬಂದ ಸೀರೆಗಳು ಒಂದು ಗಳಿಗೆ ಶರಾವತಿ ಹೊಳೆ, ಇನ್ನೊಂದು ಗಳಿಗೆ ಬಾವಿಯ ಹಗ್ಗ, ಮತ್ತೆ ತೊಟ್ಟಿಲು, ಮದುವೆಯ ಅಂತರಪಟ, ಹೆಡೆ ಎತ್ತಿದ ಹಾವು! ನಾಲ್ಕು ಹುಡುಗರು ಸೀರೆಯೊಂದನ್ನು ಮೇಲಿನಿಂದ ಕೆಳಗೆ ಬಿಟ್ಟರು ನೋಡಿ, ಜೋಗವೇ ಇಳಿದ ಹಾಗಾಯಿತು.

ಕೊನೆಗೆ ಗುಂಪಿನ ಆಟ. ಆರಾರು ಮಕ್ಕಳು ಸೇರಿ ‘ನಮ್ಮ ಮನೆಯ ಒಂದು ಬೆಳಗ್ಗೆ’ ಆಡಿ ತೋರಿಸಬೇಕು. ಬರೆದುಕೊಂಡ ಮಾತಿಲ್ಲ, ಅಲ್ಲೇ ಹುಟ್ಟಬೇಕು. ಮೂರನೆಯ ಗುಂಪಿನಲ್ಲಿ ಪುಟ್ಟಿ ಬಂದಳು. ಮೈಮೇಲೆ ನನ್ನ ಹಸಿರು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. ನಡೆದದ್ದು ನನ್ನ ನಡಿಗೆ.

ಒಬ್ಬ ಹುಡುಗ ಮೂಲೆಯಲ್ಲಿ ಕುಕ್ಕರ್ ಆಗಿ ಕೂತು ಹೊತ್ತುಹೊತ್ತಿಗೆ ಶಿಳ್ಳೆ ಹೊಡೆಯುತ್ತಿದ್ದ. ನಾದಿನಿಯ ಮಗ ಪೇಪರ್ ಓದುವ ಅಪ್ಪ. “ಟವೆಲ್ ಎಲ್ಲಿ?” “ಅಮ್ಮಾ, ಕಂಪಾಸ್ ಬಾಕ್ಸ್!” “ಕಾಫಿ ಆಯ್ತಾ?” ಪುಟ್ಟಿ ಅತ್ತ ಓಡಿದಳು, ಇತ್ತ ಓಡಿದಳು, ದೋಸೆ ಹೊಯ್ದಳು, ಬಡಿಸಿದಳು. ತನಗೆಂದು ಒಂದು ದೋಸೆ ತೆಗೆದು ನಿಂತಲ್ಲೇ ಮುರಿದು ಬಾಯಿಗಿಡುವಾಗ ಯಾರೋ ಕರೆದರು. ಇಟ್ಟಳು. ಮತ್ತೆ ತೆಗೆದಳು, ಮತ್ತೆ ಕರೆದರು. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಎಲ್ಲರೂ ಶಾಲೆಗೆ, ಆಫೀಸಿಗೆ ಹೋದರು. ಪುಟ್ಟಿ ಒಣಗಿದ ದೋಸೆಯನ್ನು ಒಂದು ಸಲ ನೋಡಿ, ಬದಿಗಿಟ್ಟು, ಪಾತ್ರೆ ತೊಳೆಯಲು ಕೂತಳು.

“ನಿಲ್ಲಿ” ಅಂದರು ಅಕ್ಕ. ಮಕ್ಕಳು ಗೊಂಬೆಗಳ ಹಾಗೆ ನಿಂತರು. “ಮನೆಯವರೆಲ್ಲ ವಾಪಸ್ ಬನ್ನಿ. ಅಮ್ಮನ್ನ ಇದುವರೆಗೂ ಕೇಳದೇ ಇರೋ ಒಂದು ಪ್ರಶ್ನೆ ಕೇಳಿ.”

ಕುಕ್ಕರ್ ಆಗಿದ್ದ ಹುಡುಗನೇ ಕೇಳಿದ: “ಅಮ್ಮಾ, ನಿಂಗೇನು ಬೇಕು?”

“ನಂಗೇನು ಬೇಕು ಬಿಡ್ರೋ. ನೀವು ತಿಂದ್ರೆ ಆಯ್ತು” ಅಂದಳು ಪುಟ್ಟಿ, ಮುಂಗೈಯಿಂದ ಹಣೆಯ ಕೂದಲು ಸರಿಸುತ್ತಾ. ಧ್ವನಿ ಥೇಟ್ ನನ್ನದು. ಮತ್ತೆ ನಗು.

“ಅದು ಅಮ್ಮ ದಿನಾ ಹೇಳೋ ಮಾತು. ನಿಜವಾದ ಉತ್ತರ ಏನು?”

ಪುಟ್ಟಿ ಸುಮ್ಮನೆ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ತನ್ನದೇ ಧ್ವನಿಯಲ್ಲಿ, “ಗೊತ್ತಿಲ್ಲ ಅಕ್ಕ. ನಾನು ಕೇಳೇ ಇಲ್ಲ” ಅಂದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಗಳಿಗೆಯಲ್ಲಿ ನನಗೆ ಮೊದಲು ಬಂದದ್ದು ಕೋಪ. ಮನೆ ಮಾತನ್ನು ಹೀಗೆ ನೂರು ಜನರ ಮುಂದೆ ಇಡೋದಾ? ಇವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರು? ತಲೆ ತಗ್ಗಿಸಿ ನನ್ನ ಚಪ್ಪಲಿಯ ಬಾರು ನೋಡುತ್ತಾ ಕೂತೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡು, “ನಮ್ಮನೇದೂ ಇದೇ ರೀ” ಅಂದರು. ನಾದಿನಿ ನನ್ನ ಕೈ ಹಿಡಿದುಕೊಂಡಳು. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಂದು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಿರಲಿಲ್ಲ. ಒಣಗಿದ ದೋಸೆಯವರೆಗೂ ಎಲ್ಲ ನೋಡಿಟ್ಟುಕೊಂಡಿದ್ದಳು.

ಭಾನುವಾರ ಜೋಗ ನೋಡಿದೆವು. ಅದರ ಕತೆ ಇನ್ನೊಂದು ಸಲ. ಸೋಮವಾರ ವಾಪಸ್ಸು ರೈಲು. ಹತ್ತಿ ಕೂತ ಮೇಲೆ ಪುಟ್ಟಿ ಕೇಳಿಯೇಬಿಟ್ಟಳು: “ಅಮ್ಮಾ, ನಿಜವಾಗ್ಲೂ ನಿಂಗೇನು ಬೇಕು?”

ತಕ್ಷಣ ಏನು ಹೇಳಲಿ? “ಸದ್ಯಕ್ಕೆ ಕಿಟಕಿ ಪಕ್ಕದ ಸೀಟು” ಅಂದೆ. ನಗುತ್ತಾ ಎದ್ದು ಜಾಗ ಬಿಟ್ಟಳು. ಆನಂದಪುರ ದಾಟುವಾಗ ಗಾಳಿಗೆ ಮುಖ ಒಡ್ಡಿ ಕೂತವಳು, ಯಾಕೋ, ರಾಣಿ ಪಾತ್ರದ ಕತೆಯನ್ನೆಲ್ಲ ಹೇಳಿಬಿಟ್ಟೆ. ಹನ್ನೊಂದು ದಿನದ ತಾಲೀಮು, ಅಜ್ಜನ ಮಾತು, ಇನ್ನೊಬ್ಬಳ ಕಿರೀಟ. “ಆ ಮಾತು ಇನ್ನೂ ನೆನಪಿದ್ಯಾ?” ಅಂದಳು. ಇದೆ ಅಂದೆ. “ಹೇಳು ಮತ್ತೆ.” ಎದುರು ಸೀಟಿನಲ್ಲಿ ಯಜಮಾನರೊಬ್ಬರು ಕಡಲೆಕಾಯಿ ಬಿಡಿಸುತ್ತಿದ್ದರು. ನಾಚಿಕೆಯಾಗಿ ಸಣ್ಣ ಧ್ವನಿಯಲ್ಲಿ ಶುರು ಮಾಡಿದೆ. ಪುಟ್ಟಿ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, “ಇಲ್ಲಿಂದ ಹೇಳಮ್ಮ. ಕೊನೇ ಸಾಲಿಗೆ ಕೇಳಿಸ್ತಿಲ್ಲ” ಅಂದಳು. ಅರಸಾಳು ಬರುವ ಹೊತ್ತಿಗೆ ರಾಣಿಯ ಮಾತು ಪೂರ್ತಿ ಮುಗಿದಿತ್ತು. ಯಜಮಾನರು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದರು.

ಮನೆಗೆ ಬಂದ ಮೇಲೆ ಎಲ್ಲ ಬದಲಾಯಿತು ಅಂತ ಬರೆದರೆ ನೀವು ನಂಬುವುದಿಲ್ಲ, ಬದಲಾಗಲೂ ಇಲ್ಲ. ಎರಡನೇ ದಿನಕ್ಕೇ “ಟವೆಲ್ ಎಲ್ಲಿ?” ಶುರು. ಗಣಿತ ಇನ್ನೂ ಅಲ್ಲಲ್ಲೇ ಇದೆ. ಆದರೆ ಬೆಳಗ್ಗೆ ದೋಸೆ ಹೊಯ್ಯುವಾಗ ಪುಟ್ಟಿ ಒಂದು ತಟ್ಟೆ ತಂದು, “ನೀನು ಕೂತ್ಕೋ, ಎರಡು ನಾನು ಹೊಯ್ತೀನಿ” ಅನ್ನುತ್ತಾಳೆ. ಅವಳ ದೋಸೆ ದುಂಡಗೆ ಬರುವುದಿಲ್ಲ. ಬಿಸಿ ಇರುತ್ತದೆ.

ನಿಮ್ಮ ಊರಿನ ಹತ್ತಿರದ ಕಾಲೇಜಿನಲ್ಲೋ, ಬೇಸಿಗೆ ರಜೆಯಲ್ಲಿ ರಂಗತಂಡದವರೋ ಇಂಥ ಶಿಬಿರ ಇಟ್ಟರೆ ಮಕ್ಕಳನ್ನು ಕಳಿಸಿ ನೋಡಿ. ಒಂದೆರಡು ಮಾತು ಗಮನದಲ್ಲಿರಲಿ. ಬೆಳಗ್ಗೆ ಕರಿದ ತಿಂಡಿ ಬೇಡ, ಮಕ್ಕಳು ಕುಣಿಯಬೇಕು, ಬಗ್ಗಬೇಕು. ಅವಲಕ್ಕಿ ಒಗ್ಗರಣೆ, ಬಾಳೆಹಣ್ಣು ಸಾಕು. ಹಿಂದಿನ ರಾತ್ರಿ ಉಪ್ಪು ಹಾಕಿದ ಬೆಚ್ಚನೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಗಂಟಲಿಗೆ ಹಿತ. “ನಿನಗೆ ಯಾವ ಪಾರ್ಟು ಕೊಟ್ರು?” ಅಂತ ಮೊದಲೇ ಪೀಡಿಸಬೇಡಿ. ಹೊರಗೆ ಹೋಗಿ ಅಂದರೆ ಹೊರಗೆ ಹೋಗಿ. ಸುತ್ತಮುತ್ತ ನೋಡುವಂಥದ್ದು ಏನಾದರೂ ಇದ್ದೇ ಇರುತ್ತದೆ.

ಮತ್ತೆ, ಹಳೇ ಸೀರೆ ತನ್ನಿ ಅಂದರೆ ಬೀರುವಿನಲ್ಲಿ ಒಳ್ಳೇದನ್ನು ಹುಡುಕಬೇಡಿ. ದಿನಾ ಉಡೋದನ್ನೇ ಕೊಟ್ಟು ಕಳಿಸಿ.